ಅಸಲಿ ಚರ್ಮವೋ, ರೆಕ್ಸಿನ್ನೋ? ಅಂಚು ನೋಡಿ ಕೊಳ್ಳುವ ಕ್ರಮ

“ಇದು ಪ್ಯೂರ್ ಲೆದರ್ ಹೌದೋ ಅಲ್ಲವೋ, ನೋಡಿ ಹೇಳಿ” ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಜೊತೆಗೊಂದು ಫೋಟೊ ಇರುತ್ತದೆ: ಬ್ಯಾಗಿನ ಮುಂಭಾಗದ್ದು, ಬೂಟಿನ ಹೊಳೆಯುವ ಮೂತಿಯದ್ದು, ಪರ್ಸಿನ ಮೇಲೆ ಒತ್ತಿದ ಮುದ್ರೆಯದ್ದು. ಅಂಥ ಫೋಟೊ ನೋಡಿ ಖಚಿತವಾಗಿ ಹೇಳುವುದು ಯಾರಿಂದಲೂ ಆಗದು. ನಕಲು ಮಾಡುವವನು ತನ್ನ ಕೈಚಳಕವನ್ನೆಲ್ಲ ಸುರಿಯುವುದೇ ಮೇಲ್ಮೈಯ ಮೇಲೆ. ಅವನ ಕೈ ಸಾಗದ ಜಾಗಗಳು ಮೂರು: ಕತ್ತರಿಸಿದ ಅಂಚು, ಹಿಂಬದಿ, ತೂತಿನ ಒಳಗೋಡೆ. ಅಲ್ಲಿಗೆ ಕಣ್ಣು ಹಾಯಿಸುವುದನ್ನು ರೂಢಿಸಿಕೊಂಡರೆ ಅಂಗಡಿಯಲ್ಲಿ ನಿಂತೇ ಹತ್ತರಲ್ಲಿ ಒಂಬತ್ತು ವಸ್ತುಗಳನ್ನು ನೀವೇ ಗುರುತಿಸಬಹುದು.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಅಸಲಿ ಎಂದ ಮಾತ್ರಕ್ಕೆ ಅದು ಉತ್ತಮ ಎಂದಾಗುವುದಿಲ್ಲ. ಚರ್ಮದಲ್ಲೇ ಕಳಪೆ ಇದೆ. ಅಂಥದ್ದಕ್ಕಿಂತ ಒಳ್ಳೆಯ ಕೃತಕ ವಸ್ತು ಹೆಚ್ಚು ಬಾಳುತ್ತದೆ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು: ಇದು ಚರ್ಮವೇ? ಹೌದಾದರೆ, ಯಾವ ಪದರದ ಚರ್ಮ?

ಇದಕ್ಕೆ ಬೇಕಾಗುವ ಸಲಕರಣೆ ಹೆಚ್ಚಿಲ್ಲ. ಟಾರ್ಚ್ ಮತ್ತು ಕ್ಯಾಮೆರಾ ಇರುವ ಮೊಬೈಲ್, ಒಂದು ಬಿಳಿ ಕರವಸ್ತ್ರ, ಹತ್ತು ನಿಮಿಷದ ತಾಳ್ಮೆ. ಬೆಂಕಿಪೊಟ್ಟಣ ಬೇಡ. ಏಕೆ ಬೇಡ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಪದಗಳ ಪರಿಚಯ

ಎಮ್ಮೆ, ದನಗಳ ತೊಗಲು ಹಲವು ಮಿಲಿಮೀಟರ್ ದಪ್ಪ ಇರುತ್ತದೆ. ಬ್ಯಾಗಿಗೆ ಅಷ್ಟು ದಪ್ಪ ಬೇಡ. ಹಾಗಾಗಿ ಹದ ಮಾಡುವ ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೊಟ್ಟು ಅದನ್ನು ಅಡ್ಡಲಾಗಿ ಸೀಳಿ ಪದರ ಮಾಡುತ್ತಾರೆ. ಕೂದಲು ಇದ್ದ ಬದಿಯಲ್ಲಿ ನಾರುಗಳು ಬಹಳ ಸಣ್ಣ, ಹೆಣಿಗೆ ಒತ್ತು. ಮಾಂಸದ ಬದಿಗೆ ಇಳಿದಂತೆ ನಾರು ದಪ್ಪವಾಗುತ್ತದೆ, ಹೆಣಿಗೆ ಸಡಿಲವಾಗುತ್ತದೆ. ಸವೆತ ತಡೆಯುವ ಗುಣ, ಬಳಸಿದಷ್ಟೂ ಏರುವ ಹೊಳಪು ಎರಡೂ ಮೇಲಿನ ಪದರಕ್ಕೆ ಸೇರಿದ್ದು.

ಆ ಮೇಲಿನ ಪದರವನ್ನು ಉಜ್ಜದೆ, ರಂಧ್ರ ಮತ್ತು ಗೀರುಗಳನ್ನು ಹಾಗೆಯೇ ಉಳಿಸಿಕೊಂಡದ್ದು ಫುಲ್ ಗ್ರೇನ್. ಮೇಲ್ಮೈಯನ್ನು ಮರಳುಕಾಗದದಿಂದ ಉಜ್ಜಿ ಕಲೆ ತೆಗೆದು, ಬಣ್ಣದ ಲೇಪ ಕೊಟ್ಟು, ಬೇಕಾದ ವಿನ್ಯಾಸ ಒತ್ತಿದ್ದು ಕರೆಕ್ಟೆಡ್ ಗ್ರೇನ್. ಮಾರುಕಟ್ಟೆಯಲ್ಲಿ ಇದನ್ನೇ ಹೆಚ್ಚಾಗಿ ಟಾಪ್ ಗ್ರೇನ್ ಎಂದು ಕರೆಯುತ್ತಾರೆ. ಸೀಳಿದಾಗ ಕೆಳಗೆ ಉಳಿಯುವ ಪದರ ಸ್ಪ್ಲಿಟ್. ಇದನ್ನು ಉಜ್ಜಿ ಮಖಮಲ್ಲಿನಂತೆ ಮಾಡಿದರೆ ಸ್ವೇಡ್ ಆಗುತ್ತದೆ, ಅದರಲ್ಲಿ ಮೋಸವೇನೂ ಇಲ್ಲ. ಆದರೆ ಸ್ಪ್ಲಿಟ್‌ನ ಮೇಲೆ ಪ್ಲಾಸ್ಟಿಕ್ ಪೊರೆ ಅಂಟಿಸಿ, ಅದಕ್ಕೆ ಚರ್ಮದ ರಂಧ್ರಗಳನ್ನು ಮುದ್ರಿಸಿ ಫುಲ್ ಗ್ರೇನ್ ಬೆಲೆಗೆ ಮಾರುವುದೂ ಉಂಟು.

ಬಾಂಡೆಡ್ ಲೆದರ್ ಎಂದರೆ ಕತ್ತರಿಸಿ ಉಳಿದ ಚೂರು, ಪುಡಿಗಳನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು. ಮರದ ಹಲಗೆಗೂ ಪಾರ್ಟಿಕಲ್ ಬೋರ್ಡಿಗೂ ಎಷ್ಟು ಅಂತರವೋ ಇಲ್ಲಿಯೂ ಅಷ್ಟೇ ಅಂತರ. ಚರ್ಮದ ಅಂಶ ಇದೆ ಎಂಬುದು ನಿಜ. ಬಾಳಿಕೆ ಇಲ್ಲ ಎಂಬುದೂ ನಿಜ.

ಇನ್ನು ಪೂರ್ತಿ ಕೃತಕವಾದವು. ಬಟ್ಟೆಯ ಮೇಲೆ ಪಿವಿಸಿ ಎಂಬ ಪ್ಲಾಸ್ಟಿಕ್ ಲೇಪಿಸಿದ್ದು ನಮ್ಮ ಊರುಗಳಲ್ಲಿ ಬಸ್ಸಿನ ಸೀಟಿನ ಕಾಲದಿಂದ ಬಂದ ರೆಕ್ಸಿನ್. ಪಾಲಿಯುರೆಥೇನ್ ಎಂಬ ಇನ್ನೊಂದು ಪ್ಲಾಸ್ಟಿಕ್ ಲೇಪಿಸಿದ್ದು ಪಿಯು. ಇದು ಹೆಚ್ಚು ಮೃದು, ನೋಡಲು ಹೆಚ್ಚು ಚರ್ಮದಂತೆ. ಪಿಯುವಿನ ದೊಡ್ಡ ದೌರ್ಬಲ್ಯ ತೇವ. ಗಾಳಿಯ ತೇವಾಂಶವೇ ಅದರ ರಾಸಾಯನಿಕ ಕೊಂಡಿಗಳನ್ನು ನಿಧಾನವಾಗಿ ಕಡಿಯುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೀರುವಿನಲ್ಲಿಟ್ಟ ಹೊಸ ಬ್ಯಾಗು ಬಳಸದೆಯೇ ಚಕ್ಕೆ ಏಳುವುದು ಇದರಿಂದಲೇ. ವೀಗನ್ ಲೆದರ್ ಎಂಬ ಹೆಸರಿನಲ್ಲಿ ಸಿಗುವುದೂ ಹೆಚ್ಚಿನ ಸಂದರ್ಭಗಳಲ್ಲಿ ಇದೇ ಪಿಯು. ಪ್ರಾಣಿಜನ್ಯ ವಸ್ತು ಬೇಡ ಎನ್ನುವವರು ಅದನ್ನು ಕೊಳ್ಳಲಿ, ತಪ್ಪಿಲ್ಲ. ಚರ್ಮದಷ್ಟು ಬಾಳುತ್ತದೆ ಎಂದು ಮಾತ್ರ ನಂಬಬೇಡಿ.

ಹಂತ 1: ಚೀಟಿಯನ್ನು ಅನುಮಾನದಿಂದ ಓದಿ

“ಜೆನ್ಯೂನ್ ಲೆದರ್” ಎಂಬ ಮುದ್ರೆ ಒಂದು ದರ್ಜೆಯ ಹೆಸರಲ್ಲ. ಎಲ್ಲೋ ಒಂದು ಕಡೆ ಚರ್ಮ ಇದೆ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ. ಫುಲ್ ಗ್ರೇನ್ ವಸ್ತುವಿನ ಮೇಲೂ ಅದನ್ನು ಒತ್ತಬಹುದು, ಪೊರೆ ಅಂಟಿಸಿದ ಸ್ಪ್ಲಿಟ್ ಮೇಲೂ ಒತ್ತಬಹುದು. ಮುದ್ರೆ ಒತ್ತುವ ಅಚ್ಚು ಯಾರಿಗೆ ಬೇಕಾದರೂ ಸಿಗುತ್ತದೆ.

ಲೆದರೆಟ್, ಫಾಕ್ಸ್ ಲೆದರ್, ಪಿಯು ಲೆದರ್, ಲೆದರ್ ಫಿನಿಶ್, ಲೆದರ್ ಲುಕ್, ಮ್ಯಾನ್‌ಮೇಡ್: ಇವುಗಳಲ್ಲಿ ಯಾವುದೊಂದು ಕಂಡರೂ ಅದು ಚರ್ಮ ಅಲ್ಲ. ಲೆದರ್ ಎಂಬುದನ್ನು ದೊಡ್ಡದಾಗಿ ಬರೆದು ಫಿನಿಶ್ ಎಂಬುದನ್ನು ಇರುವೆ ಗಾತ್ರದಲ್ಲಿ ಮುದ್ರಿಸುವ ಜಾಣತನ ಈಗ ಹಳತಾಯಿತು, ಆದರೂ ನಡೆಯುತ್ತಿದೆ.

ಬೂಟು, ಚಪ್ಪಲಿಗಳಲ್ಲಿ ಚಿತ್ರಸಂಕೇತ ಹುಡುಕಿ. 1994ರ ಐರೋಪ್ಯ ನಿರ್ದೇಶನದಿಂದ ಬಂದ ಈ ಸಂಕೇತಗಳು ರಫ್ತಿಗೆಂದು ತಯಾರಾದ ಪಾದರಕ್ಷೆಗಳಲ್ಲಿ ಕಾಣುತ್ತವೆ. ಹರಡಿದ ತೊಗಲಿನ ಆಕಾರ ಇದ್ದರೆ ಚರ್ಮ. ಅದೇ ಆಕಾರದ ಒಳಗೆ ಪುಟ್ಟ ವಜ್ರಾಕೃತಿ ಇದ್ದರೆ ಲೇಪನವಿರುವ ಚರ್ಮ. ಎಂದರೆ ಲೇಪ 0.15 ಮಿಲಿಮೀಟರಿಗಿಂತ ದಪ್ಪ, ಒಟ್ಟು ದಪ್ಪದ ಮೂರರಲ್ಲಿ ಒಂದು ಭಾಗ ಮೀರದ್ದು. ಬರೀ ವಜ್ರಾಕೃತಿ ಇದ್ದರೆ ಬೇರೆ ವಸ್ತು, ಹೆಚ್ಚಾಗಿ ಕೃತಕ. ಜಾಲರಿ ಇದ್ದರೆ ಬಟ್ಟೆ. ಮೇಲ್ಭಾಗ, ಅಸ್ತರು, ಅಟ್ಟೆ ಮೂರಕ್ಕೂ ಬೇರೆ ಬೇರೆ ಸಂಕೇತ ಇರುತ್ತದೆ. ಮೂರನ್ನೂ ನೋಡಿ.

ಹಂತ 2: ಕತ್ತರಿಸಿದ ಅಂಚನ್ನು ಹುಡುಕಿ

ಇಡೀ ಪರೀಕ್ಷೆಯ ತಿರುಳು ಇದು, ಇಲ್ಲಿ ಅವಸರ ಮಾಡಬೇಡಿ. ಟಾರ್ಚ್ ಹಚ್ಚಿ, ಕ್ಯಾಮೆರಾವನ್ನು ಹತ್ತಿರ ಹಿಡಿದು ಹಿಗ್ಗಿಸಿ ನೋಡಿ. ಅಸಲಿ ಚರ್ಮದ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ನಾರೇ ನಾರು. ಮೇಲೆ ಒತ್ತು, ಕೆಳಗೆ ಸಡಿಲ. ನಡುವೆ ಎಲ್ಲಿಯೂ ಗೆರೆ ಎಳೆದಂಥ ಗಡಿ ಇರುವುದಿಲ್ಲ. ಪಿಯು, ರೆಕ್ಸಿನ್‌ಗಳಲ್ಲಿ ಆ ಗಡಿ ಸ್ಪಷ್ಟ: ಮೇಲೆ ನಯವಾದ ಪ್ಲಾಸ್ಟಿಕ್ ಗೆರೆ, ಅದರ ಕೆಳಗೆ ನೇಯ್ದ ಬಟ್ಟೆಯ ಎಳೆಗಳು. ಪೊರೆ ಅಂಟಿಸಿದ ಸ್ಪ್ಲಿಟ್‌ನಲ್ಲಿ ಕೆಳಗೆ ನಾರು ನಿಜವಾದದ್ದೇ, ಮೇಲೆ ಮಾತ್ರ ಹೊಳೆಯುವ ಪೊರೆಯ ಪಟ್ಟಿ. ಬಾಂಡೆಡ್‌ನಲ್ಲಿ ನಾರಿನ ಎಳೆ ಕಾಣುವುದಿಲ್ಲ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ.

ಅಂಚಿನ ನಟ್ಟನಡುವೆ ತಿಳಿನೀಲಿ ಅಥವಾ ಬೂದು ಬಣ್ಣದ ಗೆರೆ ಕಂಡರೆ “ಅಯ್ಯೋ, ನಕಲಿ” ಎಂದು ಕೆಳಗಿಡಬೇಡಿ. ಇಂದಿನ ಹೆಚ್ಚಿನ ಚರ್ಮವನ್ನು ಕ್ರೋಮಿಯಂ ಲವಣದಿಂದ ಹದ ಮಾಡುತ್ತಾರೆ. ಹದವಾದ ತೊಗಲು ಒದ್ದೆ ಇರುವಾಗ ನೀಲಿಯಾಗಿಯೇ ಇರುತ್ತದೆ. ಆಮೇಲೆ ಹಾಕಿದ ಬಣ್ಣ ನಡುವಿನ ತನಕ ಇಳಿಯದಿದ್ದರೆ ಆ ನೀಲಿ ಹಾಗೆಯೇ ಉಳಿಯುತ್ತದೆ. ಅದು ಚರ್ಮವೇ ಎಂಬುದಕ್ಕೆ ಅದೊಂದು ಒಳ್ಳೆಯ ಗುರುತು. ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ ಚರ್ಮವಾದರೆ ಅಂಚು ಪೂರ್ತಿ ಕಂದು.

ಆದರೆ ಅಂಗಡಿಯ ವಸ್ತುವಿನಲ್ಲಿ ಬರಿಯ ಅಂಚು ಸಿಗುವುದೇ ಕಷ್ಟ. ಒಳ್ಳೆಯ ಕುಶಲಕರ್ಮಿಯೂ ಅಂಚಿಗೆ ಬಣ್ಣ ಬಳಿಯುತ್ತಾನೆ, ಮೋಸಗಾರನೂ ಬಳಿಯುತ್ತಾನೆ. ಆದ್ದರಿಂದ ಬಣ್ಣ ತಲುಪದ ಜಾಗಕ್ಕೆ ಹೋಗಬೇಕು.

ಬೆಲ್ಟಿನಲ್ಲಿ ಆ ಜಾಗ ತೂತು. ಬೆಲ್ಟನ್ನು ಬೆಳಕಿಗೆ ಎತ್ತಿ, ತೂತನ್ನು ಓರೆಯಾಗಿ ಹಿಡಿದು ಒಳಗೋಡೆಯನ್ನು ನೋಡಿ. ಒಂದೇ ಬಣ್ಣದ, ಒಂದೇ ಬಗೆಯ ನಾರು ಮೇಲಿನಿಂದ ಕೆಳಗಿನವರೆಗೆ ಇದ್ದರೆ ಅದು ಇಡೀ ತೊಗಲಿನ ಬೆಲ್ಟು. ಸಾಧಾರಣ ಬೆಲೆಯ ಬೆಲ್ಟುಗಳಲ್ಲಿ ಕಾಣುವುದೇ ಬೇರೆ: ಮೇಲೊಂದು ತೆಳು ಪದರ, ಕೆಳಗೊಂದು ತೆಳು ಪದರ, ನಡುವೆ ಬೂದು ಬಣ್ಣದ ರಟ್ಟು. ಆ ರಟ್ಟೇ ಬೆಲ್ಟಿಗೆ ದಪ್ಪ ಕೊಡುತ್ತದೆ, ಆರು ತಿಂಗಳಲ್ಲಿ ಎರಡನೆಯ ತೂತಿನ ಬಳಿ ಮುರಿಯುವುದೂ ಅದೇ. ಎರಡು ಪದರ ಸೇರಿಸಿ ಹೊಲಿದ ಬೆಲ್ಟೆಲ್ಲ ಕೆಟ್ಟದ್ದಲ್ಲ, ಫಾರ್ಮಲ್ ಬೆಲ್ಟುಗಳು ಇರುವುದೇ ಹಾಗೆ. ನಡುವೆ ಏನಿದೆ ಎಂಬುದು ಮುಖ್ಯ.

ಬ್ಯಾಗಿನಲ್ಲಿ ಜಿಪ್ ತೆರೆದು, ಜಿಪ್‌ನ ಪಟ್ಟಿ ಹೊಲಿದಿರುವ ಜಾಗದ ಒಳಮಗ್ಗುಲು ನೋಡಿ. ಒಳಜೇಬಿನ ತಳದಲ್ಲಿ, ಹಿಡಿಕೆ ಬ್ಯಾಗಿಗೆ ಸೇರುವ ಕಡೆ, ಭುಜಪಟ್ಟಿಯ ತೂತಿನಲ್ಲಿ ಅಂಚು ಬರಿಯದಾಗಿರುತ್ತದೆ. ಪರ್ಸಿನಲ್ಲಿ ಕಾರ್ಡು ಇಡುವ ಕಿಸೆಗಳ ಒಳತುದಿ, ಬೂಟಿನಲ್ಲಿ ನಾಲಿಗೆಯ ತುದಿ. ಸೋಫಾ ಆದರೆ ಕೆಳಗೆ ಬಗ್ಗಿ, ಹೊದಿಕೆಯನ್ನು ಮರಕ್ಕೆ ಪಿನ್ ಹೊಡೆದಿರುವ ಜಾಗ ನೋಡಿ. ಸೋಫಾದಲ್ಲಿ ಇನ್ನೊಂದು ಮೋಸವಿದೆ: ಕೂರುವ ಜಾಗ ಮಾತ್ರ ಚರ್ಮ, ಬೆನ್ನು ಮತ್ತು ಪಕ್ಕಗಳೆಲ್ಲ ಪಿಯು. ಮಾರುವಾಗ ಹೇಳುವುದು “ಲೆದರ್ ಸೋಫಾ” ಎಂದೇ. ಪ್ರತಿ ಮಗ್ಗುಲನ್ನೂ ಬೇರೆ ಬೇರೆಯಾಗಿ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಹಂತ 3: ಹಿಂಬದಿಯನ್ನು ಮುಟ್ಟಿ

ಅಸ್ತರು ಹಾಕದ ಯಾವ ಜಾಗ ಸಿಕ್ಕರೂ ಬೆರಳಾಡಿಸಿ. ಚರ್ಮದ ಹಿಂಬದಿ ತುಸು ಒರಟು, ನಾರುನಾರು, ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆ. ನೇಯ್ಗೆಯ ಚೌಕುಳಿ ಕೈಗೆ ಸಿಕ್ಕರೆ ಬಟ್ಟೆ, ಅಲ್ಲಿಗೆ ಪರೀಕ್ಷೆ ಮುಗಿಯಿತು.

ಎಚ್ಚರ ಬೇಕಾಗಿರುವುದು ಮೈಕ್ರೋಫೈಬರ್ ವಿಷಯದಲ್ಲಿ. ಕೂದಲಿಗಿಂತ ಎಷ್ಟೋ ಸಣ್ಣದಾದ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಗಳನ್ನು ನೇಯದೆ ಒತ್ತಿ ಮಾಡಿದ ಹಾಳೆ ಅದು. ಹಿಂಬದಿ ಸ್ವೇಡ್‌ನಂತೆಯೇ ಇರುತ್ತದೆ, ಅಂಚಿನಲ್ಲೂ ನಾರು ಕಾಣುತ್ತದೆ. ಅದರ ಗುಟ್ಟು ಹೊರಬೀಳುವುದು ಅತಿಯಾದ ಸಮತೆಯಿಂದ: ಎಲ್ಲ ಕಡೆ ಒಂದೇ ದಪ್ಪ, ಒಂದೇ ಬಣ್ಣ, ಒಂದೇ ನಯ; ಮೇಲೆ ಒತ್ತು ಕೆಳಗೆ ಸಡಿಲ ಎಂಬ ಏರಿಳಿತ ಇಲ್ಲ. ಅಂಗಡಿಯಲ್ಲಿ ಅನುಭವಿಗಳೂ ತಡವರಿಸುವ ವಸ್ತು ಇದೊಂದೇ. ದುಬಾರಿ ವಸ್ತುವಿನಲ್ಲಿ ವ್ಯಾಜ್ಯವೇ ಎದ್ದರೆ ಕೊನೆಯ ಮಾತು ಪ್ರಯೋಗಾಲಯದ್ದು. 1948ರಿಂದ ಚೆನ್ನೈನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇಂಥ ಪರೀಕ್ಷೆಗೆ ಹೆಸರಾದದ್ದು.

ಹಂತ 4: ಈಗ ಮೇಲ್ಮೈ

ಕ್ಯಾಮೆರಾ ಹಿಗ್ಗಿಸಿ ಕೂದಲ ರಂಧ್ರಗಳನ್ನು ನೋಡಿ. ಫುಲ್ ಗ್ರೇನ್‌ನಲ್ಲಿ ಅವು ಒಂದೇ ಅಳತೆಯಲ್ಲಿ ಇರುವುದಿಲ್ಲ. ಬೆನ್ನಿನ ಭಾಗದಲ್ಲಿ ಒತ್ತು, ಹೊಟ್ಟೆಯ ಭಾಗದಲ್ಲಿ ವಿರಳ. ನಡುವೆ ಉಣ್ಣಿ ಹುಳು ಕಚ್ಚಿದ ಚುಕ್ಕೆ, ಮುಳ್ಳು ಗೀರಿದ ಗುರುತು, ಕತ್ತಿನ ಸುಕ್ಕು. ಇವನ್ನು ದೋಷ ಎಂದು ಅಂಗಡಿಯವನ ಹತ್ತಿರ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಣ ಕೊಟ್ಟು ಪಡೆಯಬೇಕಾದ ಸಾಕ್ಷಿ ಅದೇ.

ಒಂದೇ ವಿನ್ಯಾಸ ಅಂಗೈ ಅಗಲಕ್ಕೊಮ್ಮೆ ಮರುಕಳಿಸುತ್ತಿದ್ದರೆ ಅದು ಯಂತ್ರ ಒತ್ತಿದ್ದು. ಆದರೆ ಅದೊಂದರಿಂದಲೇ ನಕಲಿ ಎನ್ನಬೇಡಿ. ಕರೆಕ್ಟೆಡ್ ಗ್ರೇನ್ ಚರ್ಮಕ್ಕೂ ಅಚ್ಚು ಒತ್ತುತ್ತಾರೆ, ಓರೆಗೆರೆಗಳ ಸಫಿಯಾನೊ ಎಂಬ ಚರ್ಮ ಅಂಥದ್ದೇ. ಮರುಕಳಿಕೆ ಕಂಡರೆ ಮತ್ತೆ ಅಂಚಿಗೆ ಹೋಗಿ.

ಯಾವ ಪ್ರಾಣಿಯದು ಎಂದು ಕೇಳುವವರೂ ಇದ್ದಾರೆ, ಅದು ಅವರ ಹಕ್ಕು. ಎಮ್ಮೆಯ ಚರ್ಮದಲ್ಲಿ ರಂಧ್ರ ದೊಡ್ಡದು, ವಿರಳ, ಮೈ ಒರಟು. ಹಂದಿಯದರಲ್ಲಿ ರಂಧ್ರಗಳು ಮೂರು ಮೂರರ ಗುಂಪಿನಲ್ಲಿ ತ್ರಿಕೋನದಂತೆ ಇರುತ್ತವೆ; ಆಮದು ಬೂಟುಗಳ ಅಸ್ತರಿನಲ್ಲಿ ಇದು ಕಾಣಸಿಗುವುದುಂಟು, ಬೇಡದವರು ಅಲ್ಲಿ ನೋಡಿಕೊಳ್ಳಿ. ಮೊಸಳೆ, ಹೆಬ್ಬಾವಿನ ಚರ್ಮ ಎಂದು ಬೀದಿಬದಿಯಲ್ಲಿ ಮಾರುವುದು ಬಹುತೇಕ ಅಚ್ಚು ಒತ್ತಿದ ಸಾಧಾರಣ ಚರ್ಮ ಅಥವಾ ಪಿಯು. ನಿಜವಾಗಿ ನಮ್ಮ ಕಾಡಿನದೇ ಆಗಿದ್ದರೆ ಇನ್ನೂ ಕೆಟ್ಟದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆ ವ್ಯಾಪಾರ ಅಪರಾಧ.

ಹಂತ 5: ಒತ್ತಿ, ಮಡಚಿ, ಉಜ್ಜಿ

ಹೆಬ್ಬೆರಳಿನಿಂದ ಒತ್ತಿದರೆ ಚರ್ಮದಲ್ಲಿ ಬೆರಳ ಸುತ್ತ ಸಣ್ಣ ಸುಕ್ಕುಗಳು ಅಡ್ಡಾದಿಡ್ಡಿಯಾಗಿ ಹರಡುತ್ತವೆ. ಪ್ಲಾಸ್ಟಿಕ್ ಹಾಗೆಯೇ ತಗ್ಗಿ ಹಾಗೆಯೇ ಏಳುತ್ತದೆ. ದಪ್ಪ ಲೇಪ ಕೊಟ್ಟ ಚರ್ಮವೂ ಪ್ಲಾಸ್ಟಿಕ್‌ನಂತೆ ವರ್ತಿಸಬಹುದು, ಹಾಗಾಗಿ ಇದು ಪೂರಕ ಸಾಕ್ಷ್ಯ ಮಾತ್ರ. ಮಡಚಿದಾಗ ಲೇಪ ಬಿರುಕು ಬಿಟ್ಟು ಒಳಗಿನ ಬೇರೆ ಬಣ್ಣ ಇಣುಕಿದರೆ ಆ ವಸ್ತು ಅಸಲಿಯಾಗಿದ್ದರೂ ಬೇಡ. ಬಿಳಿ ಕರವಸ್ತ್ರದಿಂದ ಹತ್ತು ಸಲ ಉಜ್ಜಿ. ಬಣ್ಣ ಧಾರಾಳವಾಗಿ ಹತ್ತಿದರೆ ನಾಳೆ ಅದು ನಿಮ್ಮ ಬಿಳಿ ಅಂಗಿಗೂ ಹತ್ತುತ್ತದೆ. ಜೊತೆಗೆ ಹೊಲಿಗೆ ನೇರವಿದೆಯೇ, ಎಳೆತ ಬೀಳುವ ಕಡೆ ಎರಡು ಸಲ ಹೊಲಿದಿದ್ದಾರೆಯೇ ನೋಡಿ. ಅಂಟಿನ ಮೇಲೆಯೇ ನಿಂತ ಹಿಡಿಕೆ ಬೇಡ.

ನಂಬಬಾರದ ಮೂರು ಪರೀಕ್ಷೆಗಳು

ಬೆಂಕಿ ಪರೀಕ್ಷೆ ಎಲ್ಲಕ್ಕಿಂತ ಜನಪ್ರಿಯ, ಎಲ್ಲಕ್ಕಿಂತ ಹಾನಿಕರ. ಚರ್ಮ ಸುಟ್ಟರೆ ಕೂದಲು ಸುಟ್ಟ ವಾಸನೆ, ಪ್ಲಾಸ್ಟಿಕ್ ಸುಟ್ಟರೆ ಕರಗಿ ಗುಂಡಾಗುತ್ತದೆ ಎಂಬುದು ನಿಜವೇ. ಆದರೆ ಅಸಲಿ ಚರ್ಮದ ಮೇಲಿನ ಬಣ್ಣದ ಲೇಪವೂ ಕರಗುತ್ತದೆ, ಪೊರೆ ಅಂಟಿಸಿದ ಸ್ಪ್ಲಿಟ್‌ನ ಹಿಂಬದಿಯೂ ಕೂದಲಿನಂತೆ ನಾರುತ್ತದೆ. ವಸ್ತುವೂ ಹಾಳು, ಉತ್ತರವೂ ತಪ್ಪು. ಮಾರುವವನೇ ಲೈಟರ್ ಹಚ್ಚಿ “ನೋಡಿ, ಸುಡುವುದಿಲ್ಲ” ಎಂದು ಒಂದು ಕ್ಷಣ ಜ್ವಾಲೆ ಆಡಿಸಿದರೆ ಮರುಳಾಗಬೇಡಿ. ಅಷ್ಟು ಹೊತ್ತಿನಲ್ಲಿ ಯಾವುದೂ ಸುಡುವುದಿಲ್ಲ.

ನೀರಿನ ಹನಿ ಹಾಕಿದರೆ ಚರ್ಮ ಹೀರಿಕೊಳ್ಳುತ್ತದೆ ಎನ್ನುತ್ತಾರೆ. ಲೇಪನವಿಲ್ಲದ ಚರ್ಮ ಹೀರುತ್ತದೆ, ಲೇಪನವಿರುವುದು ಹೀರುವುದಿಲ್ಲ. ಹೀರದಿದ್ದರೆ ಏನೂ ಸಾಬೀತಾಗುವುದಿಲ್ಲ, ಹೀರಿದರೆ ಕಲೆ ನಿಮ್ಮ ಪಾಲಿಗೆ. ವಾಸನೆಯಂತೂ ಸೀಸೆಯಲ್ಲಿ ಸಿಗುತ್ತದೆ. ರೆಕ್ಸಿನ್‌ಗೂ ಅದನ್ನು ಸಿಂಪಡಿಸಬಹುದು.

ಕೊಲ್ಹಾಪುರಿ ಚಪ್ಪಲಿ ಕೊಳ್ಳುವವರಿಗೆ

ಪ್ರಶ್ನೆಗಳಲ್ಲಿ ದೊಡ್ಡ ಪಾಲು ಇದರದ್ದು. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಇದೇ ಬಗೆಯ ಚಪ್ಪಲಿ ತೋರಿಸಿ ಗಲಾಟೆಯಾದ ಮೇಲೆ ಪೇಟೆಯಲ್ಲಿ ನಕಲಿಗಳಿಗೂ ಹುರುಪು ಬಂದಿದೆ. ಹೆಸರು ಕೊಲ್ಹಾಪುರದ್ದಾದರೂ ಇದರ ಭೌಗೋಳಿಕ ಸೂಚಕ ಎಂಟು ಜಿಲ್ಲೆಗಳಿಗೆ ಸೇರಿದ್ದು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಭೌಗೋಳಿಕ ಸೂಚಕ ಎಂದರೆ ಆ ಪ್ರದೇಶದ ತಯಾರಕರು ಮಾತ್ರ ಆ ಹೆಸರನ್ನು ಬಳಸಬಹುದು ಎಂಬ ಕಾನೂನಿನ ಮಾನ್ಯತೆ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಯ ಚಪ್ಪಲಿ ಹಾಗಾಗಿ “ಡೂಪ್ಲಿಕೇಟ್ ಕೊಲ್ಹಾಪುರಿ” ಅಲ್ಲ.

ಇದರ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ ಹದ ಮಾಡುತ್ತಾರೆ. ಚಪ್ಪಲಿಯನ್ನು ಮಗುಚಿ ಅಟ್ಟೆಯ ಅಂಚನ್ನು ನೋಡಿ: ಕಂದು ತೊಗಲಿನ ಪದರಗಳು ಒಂದರ ಮೇಲೊಂದು ಕೂತಿರುವುದು ಕಾಣಬೇಕು, ಹಿಮ್ಮಡಿಯಲ್ಲಿ ಹೆಚ್ಚು ಪದರ. ಸಾಂಪ್ರದಾಯಿಕ ಕ್ರಮದಲ್ಲಿ ಮೊಳೆ ಹೊಡೆಯುವುದಿಲ್ಲ, ತೊಗಲಿನದೇ ಎಳೆಯಿಂದ ಹೊಲಿಯುತ್ತಾರೆ. ಆ ಎಳೆ ತಳದಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ನಕಲಿಯಲ್ಲಿ ಅಂಚಿಗೆ ಕಂದು ಬಣ್ಣ ಬಳಿದಿರುತ್ತಾರೆ, ಹಿಮ್ಮಡಿಯನ್ನು ಉಗುರಿನಿಂದ ಕೆರೆದರೆ ರಟ್ಟು ಸಿಗುತ್ತದೆ. ಮೇಲಿನ ಹೆಣೆದ ಜಡೆಪಟ್ಟಿಯ ಒಂದು ಎಳೆಯನ್ನು ತುಸು ತಿರುವಿ ನೋಡಿ, ಹಿಂದೆ ಬಟ್ಟೆ ಕಂಡರೆ ಅದು ರೆಕ್ಸಿನ್. ತಳಕ್ಕೆ ರಬ್ಬರ್ ಅಂಟಿಸಿದ್ದರೆ ಅದೊಂದೇ ಕಾರಣಕ್ಕೆ ತಿರಸ್ಕರಿಸಬೇಡಿ. ಸವೆಯದಿರಲೆಂದು ಅಸಲಿಗೂ ಹಾಕಿಸುತ್ತಾರೆ. ಕೆಲವು ದಿನ ಕರಕರ ಸದ್ದು, ಆರಂಭದ ಬಿಗಿ ಎರಡೂ ಸಹಜ. ಮಳೆಗಾಲದಲ್ಲಿ ಮಾತ್ರ ಹಾಕಬೇಡಿ: ನೀರು ಕುಡಿದ ಅಟ್ಟೆ ಊದಿ ಪದರ ಬಿಡುತ್ತದೆ. ಒದ್ದೆಯಾದರೆ ನೆರಳಲ್ಲಿ ಒಣಗಿಸಿ, ಬಿಸಿಲಲ್ಲಿ ಬೇಡ. ಅಂಗಡಿಯ ಮೇಲೆ ನಂಬಿಕೆ ಇಲ್ಲದವರಿಗೆ ಕರ್ನಾಟಕ ಸರ್ಕಾರದ ಚರ್ಮ ಕೈಗಾರಿಕೆಗಳ ನಿಗಮವಾದ ಲಿಡ್ಕರ್‌ನ ಮಳಿಗೆಗಳಿವೆ. ಈ ಸೂಚಕದ ಹಕ್ಕು ಪಡೆದ ಎರಡು ನಿಗಮಗಳಲ್ಲಿ ಅದೂ ಒಂದು.

ಆನ್‌ಲೈನ್ ಖರೀದಿ ಮತ್ತು ಬಿಲ್ಲು

ಆನ್‌ಲೈನ್‌ನಲ್ಲಿ ಶೀರ್ಷಿಕೆ ಬಿಟ್ಟು ಕೆಳಗಿನ ‘ಮೆಟೀರಿಯಲ್’ ಸಾಲಿಗೆ ಹೋಗಿ. ಮೇಲೆ ಲೆದರ್, ಅಲ್ಲಿ ಸಿಂಥೆಟಿಕ್ ಎಂದಿರುವುದು ಸಾಮಾನ್ಯ. ಮಾರಾಟಗಾರರಿಗೆ ಹಿಂಬದಿಯ ಮತ್ತು ಅಂಚಿನ ಫೋಟೊ ಕೇಳಿ, ಕಳುಹಿಸದಿದ್ದರೆ ಬಿಟ್ಟುಬಿಡಿ. ಬೆಲೆಯನ್ನೂ ಲೆಕ್ಕ ಹಾಕಿ. ಚರ್ಮ ಚದರ ಅಡಿ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಒಂದು ಜಾಕೆಟ್‌ಗೆ ಮೂವತ್ತು ಚದರ ಅಡಿಗೂ ಹೆಚ್ಚು ಬೇಕು. ಸಾವಿರ ರೂಪಾಯಿಯ ‘ಪ್ಯೂರ್ ಲೆದರ್ ಜಾಕೆಟ್’ನಲ್ಲಿ ಚರ್ಮದ ಬೆಲೆಗೇ ಹಣ ಸಾಲದು, ಹೊಲಿಗೆಯ ಕೂಲಿ ಎಲ್ಲಿಂದ ಬರಬೇಕು?

ವಸ್ತು ಕೈಗೆ ಬಂದ ದಿನವೇ ಎರಡನೆಯ ಹಂತ ಮಾಡಿ, ವಾಪಸಾತಿ ಅವಧಿ ಮುಗಿಯಲು ಬಿಡಬೇಡಿ. ಚೀಟಿ ಕೀಳಬೇಡಿ. ಬಿಲ್ಲಿನಲ್ಲಿ ಬರೀ ‘ಬ್ಯಾಗ್’ ಎಂದಿದ್ದರೆ ‘ಚರ್ಮದ ಬ್ಯಾಗ್’ ಎಂದು ಬರೆಸಿ. ಬಾಯಿಮಾತಿನಲ್ಲಿ ಹತ್ತು ಸಲ ಪ್ಯೂರ್ ಎಂದವರು ಅದನ್ನು ಬರೆಯಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಿತು. ಬರೆದುಕೊಟ್ಟ ಮೇಲೂ ರೆಕ್ಸಿನ್ ಎಂದು ಗೊತ್ತಾದರೆ ಬಿಲ್ಲು, ಚೀಟಿ, ಅಂಚಿನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಅರ್ಜಿ ಹಾಕಬಹುದು, ಅಂಗಡಿ ಯಾವ ಊರಿನಲ್ಲಿದ್ದರೂ ಸರಿ.